ಬೀಗರೂಟದ ಭಾನುವಾರ, ಜಪಾನಿ ಪರೀಕ್ಷೆ

ಮಗಳು ಮೈಸೂರಿನಲ್ಲಿ ಓದುವಾಗ ಜಪಾನಿ ಭಾಷೆಯ ಆನ್‌ಲೈನ್ ತರಗತಿಗೆ ಸೇರಿಕೊಂಡು ಮೂರೇ ವಾರಕ್ಕೆ ಬಿಟ್ಟಳು. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ತಿಂದು ಮುಗಿಸುವುದು ತಾಯಂದಿರ ಹಳೆಯ ಅಭ್ಯಾಸ. ಅವಳು ಬಿಟ್ಟ ತರಗತಿಯನ್ನೂ ವ್ಯಾಕರಣದ ಪುಸ್ತಕವನ್ನೂ ನಾನೇ ಮುಗಿಸಲು ಕೂತೆ.

ಮೊದಲ ಪಾಠದಲ್ಲೇ ಕೋಪ ಬಂತು. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಬಾಲಕ್ಕೆ, ಕರ್ತೃ ಬೇಕಿದ್ದರೆ ಉಂಟು, ಬೇಡದಿದ್ದರೆ ಇಲ್ಲ. ಎಲ್ಲ ನಮ್ಮ ಕನ್ನಡದ ಹಾಗೇ. ಮಂಡ್ಯದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹತ್ತು ವರ್ಷ ನನ್ನ ವಾಕ್ಯಗಳನ್ನು ತಲೆಕೆಳಗು ನಿಲ್ಲಿಸಿ ಇಂಗ್ಲಿಷು ಕಲಿಸಿದ್ದರು. ವಾಕ್ಯವನ್ನು ನೆಟ್ಟಗೇ ನಿಲ್ಲಿಸಿಕೊಂಡು ಕಲಿಯಬಹುದಾದ ಭಾಷೆಯೂ ಒಂದಿದೆ ಎಂದು ಒಬ್ಬರೂ ಹೇಳಿರಲಿಲ್ಲ.

ನನ್ನ ಜಂಬ ಇಳಿಸಲು ಆಮೇಲೆ ಎಣಿಕೆಯ ಪಾಠ ಬಂತು. ಉದ್ದನೆಯ ವಸ್ತುವಿಗೆ ಒಂದು ಲೆಕ್ಕ, ಚಪ್ಪಟೆಯದಕ್ಕೆ ಬೇರೆ, ಸಣ್ಣ ಪ್ರಾಣಿಗಳಿಗೆ ಇನ್ನೂ ಬೇರೆ. ಅಡುಗೆಮನೆಯಲ್ಲಿ ನುಗ್ಗೆಕಾಯಿಯನ್ನು "ಇಪ್ಪೋನ್, ನಿಹೋನ್" ಎಂದೂ ಹಪ್ಪಳವನ್ನು "ಇಚಿಮಾಯ್, ನಿಮಾಯ್" ಎಂದೂ ಎಣಿಸತೊಡಗಿದೆ. ಒಂದು ದಿನ ಅತ್ತೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು.

"ಅದೇನವ್ವಾ, ಮಂತ್ರನಾ? ಮಂತ್ರ ಆಮ್ಯಾಕ್ ಏಳ್ಕೊ. ಮೊದ್ಲು ಸಾರಿಗೆ ಉಪ್ಪಾಕು."

ಒಂದು ಪಾಠ ಮಾತ್ರ ಒಂದೇ ಸಲಕ್ಕೆ ತಲೆಗೆ ಹತ್ತಿತು. ಜಪಾನಿಯಲ್ಲಿ ನಾವು ಬೇರೆಯವರಿಗೆ ಕೊಟ್ಟರೆ ಒಂದು ಕ್ರಿಯಾಪದ, ಅವರು ನಮಗೆ ಕೊಟ್ಟರೆ ಇನ್ನೊಂದು. ತರಗತಿಯ ಹುಡುಗರೆಲ್ಲ ತಲೆ ಕೆರೆದುಕೊಂಡರು. ಮದುವೆಮನೆಗಳಲ್ಲಿ ಮುಯ್ಯಿ ಮಾಡುವುದನ್ನೂ ಮುಯ್ಯಿ ತೀರಿಸುವುದನ್ನೂ ನೋಡಿಕೊಂಡೇ ಬೆಳೆದವಳಿಗೆ ಅದರಲ್ಲಿ ಕಲಿಯುವುದೇನಿದೆ?

ಪರೀಕ್ಷೆಗೆ ಅರ್ಜಿ ಹಾಕಿದಾಗ ಯಜಮಾನರು ಕೇಳಿದರು, "ಪಾಸಾದ್ರೆ ಏನ್ ಕೊಡ್ತಾರೆ?"

"ಸರ್ಟಿಫಿಕೇಟು."

"ಅದನ್ನಿಟ್ಕೊಂಡು?"

ಅದನ್ನಿಟ್ಟುಕೊಂಡು ಏನೂ ಇಲ್ಲ. ಆದರೆ ಮದುವೆಯಾದಂದಿನಿಂದ ನನಗೆ ಸಿಕ್ಕ ಅಂಕವೆಂದರೆ "ಇವತ್ತು ಹುಳಿ ಒಂಚೂರು ಮುಂದು" ಎನ್ನುವುದೊಂದೇ. ಹಾಲ್ ಟಿಕೆಟು ಬಂದಾಗ ಅದರಲ್ಲಿ ನನ್ನ ಹೆಸರು ಒಂಟಿಯಾಗಿ ನಿಂತಿತ್ತು. ಇಂಥವರ ಹೆಂಡತಿ, ಇಂಥವರ ತಾಯಿ ಎಂಬ ಊರುಗೋಲು ಇರಲಿಲ್ಲ. ಅದನ್ನು ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದೆ. ಈ ಪರೀಕ್ಷೆಯೊಂದನ್ನು ಬರೆದೇ ಬರೆಯಬೇಕು ಎಂದು ಮನಸ್ಸಿಗೆ ಬಂದಿತ್ತು. ಡಿಸೆಂಬರಿನ ಒಂದು ಭಾನುವಾರ, ಬೆಂಗಳೂರಿನಲ್ಲಿ.

ಅದೇ ಭಾನುವಾರಕ್ಕೆ ಮಳವಳ್ಳಿಯಲ್ಲಿ ಬೀಗರೂಟ ಗೊತ್ತಾಯಿತು.

ಯಜಮಾನರ ಅಕ್ಕನ ಮಗನ ಮದುವೆ ಆಗಷ್ಟೇ ಮುಗಿದಿತ್ತು. ನಮ್ಮ ಕಡೆ ಮದುವೆಗೆ ಬರದವರಿಗೆ ಕ್ಷಮೆ ಉಂಟು. ಮದುವೆಯಾದ ಮೇಲೆ ಬೀಗರಿಗೆ ಹಾಕುವ ಬಾಡೂಟಕ್ಕೆ ಬರದವರಿಗೆ ಇಲ್ಲ. ಧಾರೆಗೆ ಬಾರದೆ ಬೀಗರೂಟಕ್ಕೆ ಮಾತ್ರ ಬಂದು, ಎರಡು ಸಲ ಮುದ್ದೆ ಹಾಕಿಸಿಕೊಂಡು ಸಂಬಂಧ ಉಳಿಸಿಕೊಂಡವರನ್ನು ನಾನೇ ಕಂಡಿದ್ದೇನೆ.

ಮದುವೆ ಹುಡುಗನ ತಾಯಿ, ನನ್ನ ಅತ್ತಿಗೆ, ಅರಿಶಿನ ಕುಂಕುಮ ಹಿಡಿದು ಕರೆಯಲು ಬಂದರು. ನನ್ನ ಪುಸ್ತಕದಲ್ಲಿ ಇಂಥ ಸಂದರ್ಭಕ್ಕೆ ಉಪಾಯವಿತ್ತು. ಜಪಾನಿನವರು ಮುಖದ ಮೇಲೆ ಆಗುವುದಿಲ್ಲ ಎನ್ನುವುದಿಲ್ಲವಂತೆ. "ಆ ದಿನ ಸ್ವಲ್ಪ..." ಎಂದು ರಾಗ ಎಳೆದು ನಿಲ್ಲಿಸುತ್ತಾರೆ. ಎದುರಿನವರು ಉಳಿದದ್ದನ್ನು ತಾವೇ ತಿಳಿದುಕೊಂಡು ಸುಮ್ಮನಾಗುತ್ತಾರೆ. ಎಷ್ಟು ನಯ!

"ಭಾನುವಾರ ಸ್ವಲ್ಪ..." ಎಂದೆ.

"ಸ್ವಲ್ಪ ಬೇಗ್ನೇ ಬತ್ತೀಯಾ? ಬಾ ಬಾ. ಎಲೆ ಆಕೋ ಕಡೆ ನೀನೇ ನೋಡ್ಕೊಬುಡು."

ಆ ನಯ ಮಳವಳ್ಳಿಯವರೆಗೆ ಬರುವುದಿಲ್ಲವೆಂದು ಗೊತ್ತಾಯಿತು. ಪರೀಕ್ಷೆ ಇದೆ, ಬರಲಾಗುವುದಿಲ್ಲ ಎಂದು ನೇರವಾಗಿಯೇ ಹೇಳಿದೆ. ಅತ್ತಿಗೆಯ ಮುಖ ಸಣ್ಣಗಾಯಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ನಮ್ಮ ಮನೆಯ ಕಾಫಿಯನ್ನು ಅವರು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ಎರಡು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಜೊತೆಗೆ ಮದ್ದೂರಿನ ಚಿಕ್ಕಮಾವನವರಿದ್ದರು. ಮನೆತನದಲ್ಲಿ ಯಾರು ಯಾರೊಂದಿಗೆ ಮುನಿಸಿಕೊಂಡರೂ ನ್ಯಾಯ ಹೇಳುವವರು ಅವರು. ನಡುಮನೆಯ ಕುರ್ಚಿಯಲ್ಲಿ ಕೂತು, ಟವೆಲನ್ನು ಹೆಗಲಿನಿಂದ ತೊಡೆಗೆ ಇಳಿಸಿದರು. ಅಂದರೆ ಪಂಚಾಯಿತಿ ಶುರುವಾಯಿತು.

"ಏಳವ್ವ. ಅದೇನ್ ಮುನಿಸು?"

"ಮುನಿಸೇನಿಲ್ಲ ಮಾವ. ಜಪಾನಿ ಪರೀಕ್ಷೆ."

"ಅದಿರ್ಲಿ. ನಿಜವಾದ್ದು ಏಳು."

ಪರೀಕ್ಷೆಗಾಗಿ ಯಾರಾದರೂ ಬೀಗರೂಟ ಬಿಡುತ್ತಾರೆಂದು ಅವರು ನಂಬಲಿಲ್ಲ. ಹಾಗಾಗಿ ನನ್ನ ನೋವು ಯಾವುದೆಂದು ಅವರೇ ಹುಡುಕತೊಡಗಿದರು.

"ಮದ್ವೆಲಿ ಕೊಟ್ ಸೀರೆ ಇಷ್ಟ ಆಗ್ನಿಲ್ವೇನಮ್ಮ?" ಎಂದರು ಅತ್ತಿಗೆ. "ಆ ಬಣ್ಣ ನಾನ್ ಆರ್ಸಿದ್ದಲ್ಲ ಕಣಮ್ಮ."

"ಮುತ್ತತ್ತಿ ದೇವ್ರಿಗೆ ಓದಾಗ ಇವಳ್ನ ವ್ಯಾನಲ್ಲಿ ಹಿಂದಿನ್ ಸೀಟಿಗೆ ಕೂರ್ಸುದ್ರಲ್ಲಾ," ಎಂದರು ಅತ್ತೆ. ಅದು ನಾಲ್ಕು ವರ್ಷದ ಹಿಂದಿನ ಮಾತು. ಕಿಟಕಿ ಬೇಕೆಂದು ನಾನೇ ಕೇಳಿ ಕೂತಿದ್ದೆ.

ಮೂಲೆಯಲ್ಲಿದ್ದ ಯಜಮಾನರು ಗಂಟಲು ಸರಿಮಾಡಿಕೊಂಡರು. "ಛತ್ರದಲ್ಲಿ ನಮ್ಮನ್ನ ಮೊದಲನೇ ಪಂಕ್ತಿಗೆ ಕರೀಲೇ ಇಲ್ಲ."

ನನ್ನ ಪಂಚಾಯಿತಿಯ ಮರೆಯಲ್ಲಿ ಅವರು ತಮ್ಮದನ್ನೂ ನುಗ್ಗಿಸಿದರು. ಚಿಕ್ಕಮಾವ ಅವರ ಕಡೆ ತಿರುಗಿ, "ನೀನು ಸುಮ್ಕಿರ್ಲಾ, ನಿಂದು ಬ್ಯಾರೆ ಕೇಸು," ಎಂದರು.

ಕೊನೆಗೆ ಅತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡರು. "ನಂಗೊತ್ತು ಬುಡು. ಫೋಟೊ. ಮನೆಯೋರೆಲ್ಲ ನಿಂತ್ಕಂಡು ಫೋಟೊ ಇಡ್ಸುವಾಗ ನೀನು ಊಟದ್ ಮನೇಲಿ ಬೀಗರ ಅಜ್ಜಿಗೆ ಬಡಿಸ್ತಿದ್ದೆ. ನಾನು ಕರ್ಸಬೋದಿತ್ತು, ಕರ್ಸ್ನಿಲ್ಲ. ತಪ್ಪು ನಂದೇಯ."

ಫೋಟೊದಲ್ಲಿ ನಾನಿಲ್ಲವೆಂಬುದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆ ಎಂದು ಇನ್ನೊಮ್ಮೆ ಹೇಳಿದರೆ ಮೊನ್ನೆಯ ಅರ್ಧ ಕಾಫಿಯಿಂದ ಮತ್ತೆ ಮೊದಲಾಗುತ್ತಿತ್ತು. ಸುಳ್ಳು ಹೇಳಿದವರನ್ನು ಸಿಸ್ಟರುಗಳು ಚಾಪೆಲ್ಲಿನ ಬರಿ ನೆಲದಲ್ಲಿ ಮಂಡಿಯೂರಿಸುತ್ತಿದ್ದರು. ಮಂಡಿ ಒಮ್ಮೆ ಝುಮ್ಮೆಂದಿತು.

"ಹೌದು," ಎಂದೆ. "ಫೋಟೊ."

ನಡುಮನೆಗೆ ಉಸಿರು ಬಂತು. ಚಿಕ್ಕಮಾವ ಟವೆಲನ್ನು ಮತ್ತೆ ಹೆಗಲಿಗೇರಿಸಿದರು. "ಇದು ನ್ಯಾಯವಾದ ಮುನಿಸು. ಈ ಭಾನುವಾರ ಅವಳು ಬರ್ನಿಲ್ಲ ಅಂತ ಯಾರೂ ಕೇಳಂಗಿಲ್ಲ. ಆದ್ರೆ ಬರೋ ಅಮಾಸೆ ಒಳಗೆ ಮುನಿಸು ಮುಗೀಬೇಕು. ಏನವ್ವ?"

ಆಗಲಿ ಮಾವ ಎಂದೆ. ಓದುವವಳಿಗೆ ಸಿಗದ ರಜೆ ಮುನಿಸಿಕೊಂಡವಳಿಗೆ ಮರ್ಯಾದೆಯ ಸಮೇತ ಸಿಕ್ಕಿತು. ಅತ್ತಿಗೆ ಆ ದಿನ ಕಾಫಿಯನ್ನು ಪೂರ್ತಿ ಕುಡಿದರು.

ಭಾನುವಾರ ಬೆಳಗಿನ ರೈಲಿಗೆ ಹೊರಟೆ. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕಾವಲಿನವರು, "ಪೇರೆಂಟ್ಸ್ ಎಲ್ಲಾ ಆ ಮರದ ಕೆಳಗೆ," ಎಂದು ಕೈತೋರಿಸಿದರು. ಹಾಲ್ ಟಿಕೆಟು ತೋರಿಸಿದೆ. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೋಗಿಮ್ಮ, ಹೋಗಿ," ಎಂದು ದಾರಿ ಬಿಟ್ಟರು. ಒಳಗೆ ನನ್ನ ಮಗಳ ವಯಸ್ಸಿನವರೇ. ಪಕ್ಕದ ಹುಡುಗಿಗೆ ರಬ್ಬರಿರಲಿಲ್ಲ. ನನ್ನದನ್ನು ಎರಡು ತುಂಡು ಮಾಡಿ ಒಂದನ್ನು ಕೊಟ್ಟೆ.

ಕೇಳಿ ಉತ್ತರಿಸುವ ಭಾಗದಲ್ಲಿ ಒಂದು ಪ್ರಶ್ನೆ ಬಂತು: ಈ ಹೆಂಗಸು ಭಾನುವಾರ ಏನು ಮಾಡುತ್ತಾಳೆ? ನಾಲ್ಕು ಚಿತ್ರ. ಒಂದರಲ್ಲಿ ಸಿನಿಮಾ, ಒಂದರಲ್ಲಿ ಗ್ರಂಥಾಲಯ, ಒಂದರಲ್ಲಿ ಸ್ನೇಹಿತೆಯ ಮನೆ, ಒಂದರಲ್ಲಿ ನಿದ್ದೆ. ಅವಳು ಯಾರ ಅಪ್ಪಣೆಯನ್ನೂ ಕೇಳಿದಂತಿರಲಿಲ್ಲ. ಅದನ್ನೇ ಯೋಚಿಸುತ್ತಾ ಅರ್ಧ ಸಂಭಾಷಣೆ ತಪ್ಪಿಸಿಕೊಂಡೆ. ಅಂದಾಜಿನಲ್ಲಿ ಗ್ರಂಥಾಲಯಕ್ಕೆ ಗುರುತು ಹಾಕಿದೆ.

ಸಂಜೆ ಮನೆಗೆ ಬರುವಷ್ಟರಲ್ಲಿ ಮಳವಳ್ಳಿಯಿಂದ ಸ್ಟೀಲಿನ ಕ್ಯಾರಿಯರು ಬಂದಿತ್ತು. ಮುನಿಸಿಕೊಂಡವರ ಪಾಲೆಂದು ಒಳ್ಳೊಳ್ಳೆಯ ತುಂಡುಗಳನ್ನೇ ಹಾಕಿ ಕಳಿಸಿದ್ದರು. ಒಂದು ತುಂಡು ತಿಂದು ಕ್ಯಾರಿಯರು ಮುಚ್ಚಿಟ್ಟೆ. ಮಾಡದ ತಪ್ಪಿಗೆ ಒಬ್ಬರು ಅತ್ತದ್ದು ಕಣ್ಮುಂದೆಯೇ ಇತ್ತು.

ಅಮಾವಾಸ್ಯೆಗೆ ಮೊದಲೇ ಮಳವಳ್ಳಿಗೆ ಬಸ್ಸು ಹತ್ತಿದೆ. ಅತ್ತಿಗೆ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ.

"ಅತ್ತಿಗೆ, ಫೋಟೊ ವಿಷಯ ಸುಳ್ಳು. ನನಗೆ ಯಾವ ಬೇಜಾರೂ ಇರಲಿಲ್ಲ. ನಿಜವಾಗಿಯೂ ಪರೀಕ್ಷೆಗೇ ಹೋಗಿದ್ದೆ."

ಅವರ ಕೈ ನಿಲ್ಲಲಿಲ್ಲ. "ಗೊತ್ತು ಕಣಮ್ಮ. ನೀನ್ ಹೌದು ಅಂದಾಗ್ಲೇ ಗೊತ್ತಾಯ್ತು. ಮುನಿಸ್ಕಂಡೋರು ಅಷ್ಟು ಬೇಗ ಒಪ್ಕೊಂಡಾರಾ?"

"ಮತ್ತೆ ಎಲ್ಲರಿಗೂ ಹೇಳಿಬಿಡೋಣ. ತಪ್ಪು ನಿಮ್ಮ ಮೇಲೆ ಯಾಕಿರಬೇಕು?"

"ಬಾಯ್ ಮುಚ್ಕೊ. ನನ್ ತಪ್ಪಿಗೆ ಮುನಿಸ್ಕಂಡು ಊಟ ಬುಟ್ಲು ಅಂದ್ರೆ ನನ್ ಮರ್ವಾದೆ ಉಳೀತದೆ. ಪುಸ್ತಕಕ್ಕೋಸ್ಕರ ಬುಟ್ಲು ಅಂದ್ರೆ ಏನ್ ಉಳೀತದೆ?" ಎಂದು ಮೊರವನ್ನು ನನ್ನ ಕಡೆ ತಳ್ಳಿದರು. ಇನ್ನೊಂದು ಹಿಡಿ ಕಾಯಿ ಸುರಿದು ಕೇಳಿದರು, "ಪಾಸಾಯ್ತೀಯಾ?"

"ಗೊತ್ತಿಲ್ಲ ಅತ್ತಿಗೆ."

"ಆಗು. ಇಲ್ದಿದ್ರೆ ಇನ್ನೊಂದ್ ಸಲ ಬರಿಯೋಕೆ ಇನ್ನೊಂದ್ ತಪ್ಪ ನಾನೆಲ್ಲಿಂದ ತರ್ಲಿ?"

ಪಾಸಾದೆ. ಆ ಪರೀಕ್ಷೆಗೆ ಐದು ಮೆಟ್ಟಿಲು, ನಾನು ಹತ್ತಿದ್ದು ತೀರ ಕೆಳಗಿನದು ಎಂದು ಮಾತ್ರ ಅವರಿಗೆ ಹೇಳುವ ಧೈರ್ಯವಾಗಿಲ್ಲ.