ಸಾಲು ಬಿಟ್ಟು ಸಾಲು

ನೆಲದ ಹಸಿ ನೋಡಲು ನನಗೆ ಯಂತ್ರ ಬೇಕಿಲ್ಲ. ಮೊಣಕೈ ಆಳಕ್ಕೆ ಅಗೆದು ಒಂದು ಹಿಡಿ ಎರೆಮಣ್ಣು ಒತ್ತುತ್ತೇನೆ. ಉಂಡೆ ಗಟ್ಟಿಯಾಗಿ ನಿಂತರೆ ಜೋಳಕ್ಕೆ ಜೀವವಿದೆ, ಪುಡಿಯಾದರೆ ಇಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ, ನನ್ನ ಕೈ ಇದುವರೆಗೆ ಸುಳ್ಳು ಹೇಳಿಲ್ಲ.

ಆ ವರ್ಷ ಎಲ್ ನಿನೋ ಎಂದು ಮೊಬೈಲಿನಲ್ಲಿ ಮೊದಲೇ ಬಂದಿತ್ತು. ಎಲ್ಲೋ ದೂರದ ಸಮುದ್ರ ಕೆಲವು ವರ್ಷಕ್ಕೊಮ್ಮೆ ಬಿಸಿಯಾಗುತ್ತದೆ, ಅದರ ಪೆಟ್ಟು ಸಂಖ ಊರಿನ ನಮ್ಮ ಹೊಲಕ್ಕೆ ಬೀಳುತ್ತದೆ. ಉತ್ತರಿ ಮಳೆಗೆ ಬಿತ್ತಿದ ಬಿಳಿಜೋಳ ಮೊಣಕಾಲುದ್ದ ಬಂತು. ಆದರೆ ಮುಂದಿನ ಹಸ್ತ ಮಳೆಯೂ ಇಲ್ಲ, ಚಿತ್ತಿ ಮಳೆಯೂ ಇಲ್ಲ. ಅಗೆದು ನೋಡಿದೆ. ಉಂಡೆ ನಿಂತಿತು, ಆದರೆ ಬಿರುಕು ಬಿಟ್ಟಿತು. ಅಷ್ಟು ಹಸಿ ಅರ್ಧ ಪೈರಿಗೆ ಸಾಕು, ಪೂರ್ತಿಗೆ ಸಾಲದು. ಮನೆಯ ವರ್ಷದ ರೊಟ್ಟಿಯೆಲ್ಲ ಅದೇ ಹೊಲದಲ್ಲಿತ್ತು.

“ಸಾಲು ಬಿಟ್ಟು ಸಾಲು ಕಿತ್ತಬಿಡೂಣ್ರಿ ಅತ್ತಿ. ಉಳದದ್ದಾದ್ರೂ ಕಾಳ ಕಟ್ಟತೈತಿ” ಎಂದೆ.

ಅತ್ತೆ ಕೆಂಡವಾದರು. “ಹಸರ ಪೀಕ ಕೀಳ್ತಿ? ತಲಿ ನೆಟ್ಟಗೈತಿ ಇಲ್ಲೊ?”

ಮರುದಿನ ಬೆಳಿಗ್ಗೆ ಒಬ್ಬಳೇ ಹೊಲಕ್ಕಿಳಿದೆ. ಬಾಡಿದ ಎಳೆ ಜೋಳ ದನಕ್ಕೆ ವಿಷ. ಹಾಗಾಗಿ ಕಿತ್ತದ್ದನ್ನು ನೆಲಕ್ಕೆ ಬಿಸಿಲು ತಾಗದಂತೆ ಸಾಲುಗಳ ನಡುವೆಯೇ ಹಾಸುತ್ತ ಹೋದೆ. ಲೆಕ್ಕ ಸರಿ ಎಂದು ನನಗೆ ಗೊತ್ತಿತ್ತು, ಆದರೂ ಒಂದೊಂದನ್ನೂ ಕೈ ತಡೆದು ತಡೆದು ಕೀಳುತ್ತಿತ್ತು. ನಾನೇ ಬಿತ್ತಿದ ಬೆಳೆ ಅದು.

ಬಿಸಿಲೇರುವ ಹೊತ್ತಿಗೆ ಅತ್ತೆ ಬಂದರು. ಬಯ್ಯಲು ಬಂದರು ಎಂದುಕೊಂಡೆ. ನಾನು ಕಿತ್ತು ಹಾಸಿದ ಒಂದು ಪೈರು ಎತ್ತಿ ಬುಡ ನೋಡಿದರು.

“ಬೇರ ನೆಲದಾಗ ಬಿಟ್ಟ ಹರಿಯಾಕತ್ತಿ. ಬೇರ ಇದ್ದರ ಮತ್ತ ಚಿಗೀತೈತಿ, ಇದ್ದ ಹಸೀನೂ ಕುಡೀತೈತಿ. ಬುಡದಾಗ ಹಿಡದ ಜಗ್ಗು” ಎಂದು ಸೆರಗು ಸಿಕ್ಕಿಸಿ ಪಕ್ಕದ ಸಾಲು ಹಿಡಿದರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಮೂರು ದಿನಕ್ಕೆ ಹೊಲ ಅರ್ಧವಾಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕರು.

ಸುಗ್ಗಿಯಲ್ಲಿ ಯಾರೂ ನಗಲಿಲ್ಲ. ಸುತ್ತಲಿನ ಹೊಲಗಳಲ್ಲಿ ದಂಟು ನಿಂತಿತ್ತು, ತೆನೆಯಲ್ಲಿ ಕಾಳಿರಲಿಲ್ಲ. ನಮಗೆ ಒಳ್ಳೆಯ ವರ್ಷದಷ್ಟು ಬರಲಿಲ್ಲ, ಮುಂದಿನ ಸುಗ್ಗಿಯವರೆಗೆ ರೊಟ್ಟಿಗೆ ಆಗುವಷ್ಟು ಬಂತು. ರಾಶಿ ಮಾಡುವಾಗ ಪಕ್ಕದ ಹೊಲದ ಹಿರಿಯರೊಬ್ಬರು ಬಂದು ಕಾಳು ಕೈಯಲ್ಲಿ ಹಿಡಿದು ನೋಡಿ ಅತ್ತೆಯನ್ನು ಕೇಳಿದರು.

“ಬೆಳದ ನಿಂತದ್ದ ಕೀಳಾಕ ಮನಸ ಹ್ಯಾಂಗ ಬಂತ್ರಿ, ಅವ್ವಾರ?”

“ನನಗೆಲ್ಲಿ ಬಂತ್ರಿ? ನಮ್ಮಾಕಿಗೆ ಬಂತು” ಎಂದರು ಅತ್ತೆ.

ಮದುವೆಯಾಗಿ ಬಂದ ದಿನದಿಂದ ಹನ್ನೊಂದು ವರ್ಷ, ಊರವರ ಮುಂದೆ ಅವರು ನನ್ನನ್ನು ತವರೂರಿನ ಹೆಸರು ಹಿಡಿದು ‘ಉಮದಿಯಾಕಿ’ ಎಂದೇ ಕರೆಯುತ್ತಿದ್ದರು.