ಸೌಟಮ್ಮನ ನಾಲ್ಕು ಬಕೆಟ್ಟು

ಬಂದರಿನ ಸರಕು ಅಂಗಳದ ಕ್ಯಾಂಟೀನಿನಲ್ಲಿ ಊಟ ಬಡಿಸುತ್ತಿದ್ದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಸಂಬಳ ಕೊಡುವ ಗುಮಾಸ್ತನನ್ನು ಬಿಟ್ಟರೆ ಅದು ಯಾರಿಗೂ ಬೇಕಾಗಿರಲಿಲ್ಲ. ಅಂಗಳಕ್ಕೆಲ್ಲ ಅವಳು ಸೌಟಮ್ಮ. ಗುಂಡು ಮುಖ, ಗಟ್ಟಿ ಗಂಟಲು, ಮೊಣಕೈವರೆಗೆ ಮಡಿಸಿದ ತೋಳು, ಕೈಯಲ್ಲಿ ಮೊಳದುದ್ದದ ಸೌಟು. ಅವಳ ಎದುರಿಗೆ ಎದೆಮಟ್ಟದ ಕೌಂಟರು, ಅದರ ಮೇಲೆ ಹಿಡಿಕೆಗೆ ಬಣ್ಣದ ಬಟ್ಟೆ ಸುತ್ತಿದ ನಾಲ್ಕು ಬಕೆಟ್ಟು. ಮನುಷ್ಯಕುಲವನ್ನು ಅವಳು ಈ ನಾಲ್ಕರಲ್ಲಿ ಹಂಚಿ ಮುಗಿಸಿದ್ದಳು.

ಕೆಂಪು ಬಟ್ಟೆಯದು ಗುಡ್ಡದವರಿಗೆ. ಮೆಣಸಿನಕಾಯಿ ಅರೆದು ಸುರಿದ ಕಾಳಿನ ಸಾರು, ಮುಚ್ಚಳ ತೆಗೆದರೆ ಪಕ್ಕದ ಬೀದಿಯ ನಾಯಿ ಸೀನಬೇಕು. ನೀಲಿಯದು ದ್ವೀಪದವರಿಗೆ, ಅದರ ತುಂಬ ಮೀನು. ಹಳದಿಯದು ಗಡಿಯಾಚೆ ದೇಶದವರಿಗೆ, ಸಕ್ಕರೆ ಹಾಕಿ ಬೇಯಿಸಿದ ಕುಂಬಳಕಾಯಿ. ಆ ದೇಶದಲ್ಲಿ ಉಪ್ಪಿನ ಡಬ್ಬಿಯಲ್ಲೂ ಸಕ್ಕರೆಯೇ ಇರುತ್ತದೆಂದು ಅವಳ ಖಚಿತ ನಂಬಿಕೆ. ಬಿಳಿಯದು ಬಯಲಿನವರಿಗೆ, ಅಂದರೆ ಅವಳ ಸ್ವಂತ ಜನಕ್ಕೆ. ಅದರಲ್ಲಿ ಅನ್ನ ಮತ್ತು ಮೊಸರು. ಬಯಲಿನವರು ಮನೆಗೆ ಬೆಂಕಿ ಬಿದ್ದರೂ ಊಟ ಮುಗಿಸಿ, ಬೆರಳು ನೆಕ್ಕಿ, ಆಮೇಲೆ ಏಳುವ ತಣ್ಣನೆ ಜನ ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಸೌಟಮ್ಮನೂ ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

ಈ ಜ್ಞಾನ ಅವಳಿಗೆ ಎಲ್ಲಿಂದ ಬಂತು ಅಂದರೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಡ್ಡದವನೊಬ್ಬ ಸಾರು ಸಪ್ಪೆ ಎಂದು ಮುಖ ಸಿಂಡರಿಸಿದ. ಪಾಪ, ಆವತ್ತು ಅವನಿಗೆ ನೆಗಡಿಯಿತ್ತೋ ಏನೋ. ಸೌಟಮ್ಮ ಮಾರನೆಯ ದಿನ ಇಡೀ ಗುಡ್ಡಕ್ಕೇ ಖಾರ ಹಾಕಿದಳು. ಅಲ್ಲಿಂದ ಮುಂದೆ ಯಾರನ್ನೂ ಕೇಳುವ ಗೋಜಿಗೇ ಹೋಗಲಿಲ್ಲ. ಹೊಸಬರು ಬಾಯಿ ತೆರೆಯುವ ಮೊದಲೇ ಟೋಪಿ, ಚಪ್ಪಲಿ, ಮೀಸೆಯ ತಿರುವು ನೋಡಿ, “ಗುಡ್ಡದವರಲ್ವಾ? ಬನ್ನಿ ಬನ್ನಿ, ನಿಮ್ಮದು ಕೆಂಪು” ಎಂದುಬಿಡುತ್ತಿದ್ದಳು. ಬಂದವರಿಗೆ ಎಲ್ಲಿಲ್ಲದ ಸಂತೋಷ. ಗುರುತು ಪರಿಚಯ ಇಲ್ಲದ ಊರಿನಲ್ಲಿ ನಮ್ಮ ಕಡೆಯವರನ್ನು ಬಲ್ಲವರೊಬ್ಬರು ಸಿಕ್ಕರಲ್ಲ ಎಂದು ಉಬ್ಬಿಹೋಗುತ್ತಿದ್ದರು. ಸಂತೋಷ ಮೊದಲ ತುತ್ತಿನವರೆಗೆ.

ಒಮ್ಮೆ ಒಬ್ಬ ದ್ವೀಪದವನು, ಹಗ್ಗ ಕಟ್ಟುವ ಕೆಲಸದವನು, ಧೈರ್ಯ ಮಾಡಿ ಬಾಯಿಬಿಟ್ಟಿದ್ದ. “ಸೌಟಮ್ಮ, ನನಗೆ ಮೀನು ಆಗಿಬರಲ್ಲ. ತಿಂದ್ರೆ ಮೈಯೆಲ್ಲ ತುರಿಕೆ.”

ಸೌಟಮ್ಮ ಸೌಟು ಕೆಳಗಿಟ್ಟು ನಕ್ಕಳು. “ದ್ವೀಪದೋರಿಗೆ ಮೀನು ಆಗಲ್ವಾ? ನಿಮ್ಮಮ್ಮ ಕೇಳಿಸ್ಕೊಂಡ್ರೆ ಎದೆ ಒಡ್ಕೊಂಡು ಅಳ್ತಾರೆ. ನಾಚ್ಕೋಬೇಡಪ್ಪ, ತಗೋ” ಎಂದು ಎರಡು ತುಂಡು ಜಾಸ್ತಿ ಹಾಕಿದಳು. ಹಿಂದೆ ನಿಂತಿದ್ದವರೆಲ್ಲ ಅದನ್ನು ನೋಡಿದರು. ಅವತ್ತಿನಿಂದ ಎಲ್ಲರ ಬಾಯಿಗೂ ಬೀಗ ಬಿತ್ತು.

ಬೀಗ ಬೀಳಲು ಇನ್ನೊಂದು ಕಾರಣವೂ ಇತ್ತು, ಮರ್ಯಾದೆಯದು. ಕಣ್ಣು ಮೂಗಿನಲ್ಲಿ ನೀರು ಸುರಿಯುತ್ತಿದ್ದರೂ ಗುಡ್ಡದವರು, “ಇದೂ ಒಂದು ಖಾರಾನಾ? ನಮ್ಮೂರಲ್ಲಿ ತೊಟ್ಟಿಲ ಮಕ್ಕಳಿಗೆ ಕೊಡೋದು” ಎಂದು ಬಡಾಯಿ ಕೊಚ್ಚುತ್ತಿದ್ದರು. ಊರಿನ ಮಾನ ಉಳಿಸಲು ನಾಲಿಗೆ ಸುಟ್ಟುಕೊಳ್ಳುವುದೂ ಒಂದು ದೇಶಸೇವೆಯೇ ತಾನೆ!

ಕ್ರೇನ್ ನಡೆಸುವವನು ಮಾತ್ರ ಬಡಾಯಿಯವನಲ್ಲ. ಅವನೂ ಗುಡ್ಡದವನೇ, ಐವತ್ತು ದಾಟಿದವನು, ಕಂಬದಂತೆ ಎತ್ತರ. ಮದುವೆಯಾಗಿರಲಿಲ್ಲ, ಯಾಕೆಂದು ಕೇಳಿದರೆ, ದಿನವಿಡೀ ಮೇಲೆ ಕೂತಿರುವವನು ಹೆಣ್ಣು ನೋಡುವುದು ಯಾವಾಗ ಎನ್ನುತ್ತಿದ್ದ. ದಿನಾ ಸಾಲಿನ ಕೊನೆಯಲ್ಲಿ ಬಂದು, ತಲೆ ತಗ್ಗಿಸಿ ತಿಂದು, ತಟ್ಟೆ ತಾನೇ ತೊಳೆದಿಟ್ಟು, “ಚೆನ್ನಾಗಿತ್ತು” ಎಂದು ಹೇಳಿ ಹೋಗುತ್ತಿದ್ದ. ಆ ಒಂದು ಮಾತಿಗೆ ಸೌಟಮ್ಮನ ಮಧ್ಯಾಹ್ನವೆಲ್ಲ ಹಗುರವಾಗುತ್ತಿತ್ತು. ಹೀಗಾಗಿ ಬಕೆಟ್ಟಿನ ತಳದಲ್ಲಿ ಕೂತ ಮೆಣಸಿನಕಾಯಿಯನ್ನೆಲ್ಲ ಅವನಿಗೆಂದೇ ಎತ್ತಿಡುತ್ತಿದ್ದಳು. ಪ್ರೀತಿಯನ್ನು ಹೇಳಲು ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅಂಗಳದವರೆಲ್ಲ ಅವನನ್ನು ಕ್ರೇನಣ್ಣ ಎನ್ನುತ್ತಿದ್ದರು, ಮೊದಮೊದಲು ಅವಳೂ ಹಾಗೇ ಅನ್ನುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ “ಕ್ರೇನಿನವರೇ” ಎಂದಳು. ಅಣ್ಣ ಉದುರಿಹೋದದ್ದು ಸಾಲಿನಲ್ಲಿದ್ದ ಒಬ್ಬರ ಕಿವಿಗೂ ತಪ್ಪಲಿಲ್ಲ. ಗೊತ್ತಾಗದೆ ಉಳಿದವರು ಅವರಿಬ್ಬರೇ.

ಹೀಗಿರುವಾಗ ಅವನಿಗೆ ಇನ್ನೊಂದು ಬಂದರಿಗೆ ವರ್ಗವಾಯಿತು. ತಟ್ಟೆ ಹಿಡಿದು ಕೌಂಟರಿನ ಮುಂದೆ ನಿಂತವನು ಮುಂದಕ್ಕೆ ಹೋಗಲೇ ಇಲ್ಲ.

“ಅಲ್ಲಿ ಮನೆ ಕೊಡ್ತಾರಂತೆ. ಎರಡು ಕೋಣೆ. ಒಬ್ಬನಿಗೆ ದೊಡ್ಡದಾಯ್ತು,” ಎಂದ.

“ಒಂದರಲ್ಲಿ ಸಾಮಾನು ಇಡಿ.”

“ನೀವು ಬರ್ತೀನಿ ಅಂದ್ರೆ ಸಾಮಾನು ಹೊರಗಿಡ್ತೀನಿ.”

ಸೌಟಮ್ಮನ ಕೈಯ ಸೌಟು ಬಕೆಟ್ಟಿನೊಳಗೆ ಜಾರಿ ಮುಳುಗಿತು. ಅವತ್ತು ತಡವಾಗಿ ಬಂದ ಸ್ಟೋರಿನವನು ಹಿಂದಿನಿಂದ, “ಬೇಗ ಏನಾದ್ರೂ ಒಂದು ಹೇಳಿ ಸೌಟಮ್ಮ, ಅನ್ನ ಆರಿಹೋಗ್ತಿದೆ!” ಎಂದು ಕೂಗಿದ. ಅವಳು ಸೌಟು ಹೊರಗೆಳೆದು, ಕೆಂಪು ಸಾರನ್ನು ಎರಡು ಸಲ ಜಾಸ್ತಿ ಸುರಿದು, “ಶನಿವಾರ ನಿಮ್ಮ ಬೀಳ್ಕೊಡುಗೆ ಊಟ ಇದೆಯಲ್ಲ, ಅವತ್ತು ಹೇಳ್ತೀನಿ” ಎಂದಳು. ಅವಳ ಮುಖ ಆ ಸಾರಿಗಿಂತ ಕೆಂಪಗಿತ್ತು.

ಮನಸ್ಸು ಅವತ್ತೇ ಹೂಂ ಅಂದಿತ್ತು. ಅಡ್ಡ ನಿಂತದ್ದು ಹೆದರಿಕೆ. ಅವಳ ಮೊದಲ ಗಂಡ ಸಿಟ್ಟು ಬಂದರೆ ತಟ್ಟೆ ಎಸೆಯುತ್ತಿದ್ದ. ಒಮ್ಮೆ ಅವಳ ಹಣೆಗೇ ಬಿದ್ದಿತ್ತು. ಅವನು ಸತ್ತು ಎಷ್ಟೋ ವರ್ಷವಾದರೂ ಪಾತ್ರೆ ಬಿದ್ದ ಸದ್ದಿಗೆ ಈಗಲೂ ಎದೆ ಧಸಕ್ಕೆನ್ನುತ್ತಿತ್ತು. ಮನೆಯಲ್ಲಿ ಅಕ್ಕನ ಮುಂದೆ ವಿಷಯ ತೆಗೆದಳು. ಅಕ್ಕ ಅದೇ ಕ್ಯಾಂಟೀನಿನಲ್ಲಿ ಒಲೆಯ ಮುಂದೆ ಇರುವವಳು, ನಾಲ್ಕು ಬಕೆಟ್ಟಿನ ವಿಷಯದಲ್ಲಿ ತಂಗಿಗಿಂತ ಕಟ್ಟುನಿಟ್ಟು.

“ಖಾರ ತಿನ್ನೋ ಜನ ಕಣೇ, ಮೂಗಿನ ತುದೀಲಿ ಕೋಪ ಇರುತ್ತೆ. ಬೇಡ,” ಎಂದಳು ಅಕ್ಕ.

“ನನ್ನ ಗಂಡ ಮೊಸರು ಬಿಟ್ರೆ ಬೇರೆ ಮುಟ್ತಿರ್ಲಿಲ್ವಲ್ಲಕ್ಕ?”

“ಅವನ ಮಾತು ಬೇರೆ. ತಲೆ ಕೆಟ್ಟಿದೆ ನಿನಗೆ.” ಅಕ್ಕ ಸ್ವಲ್ಪ ಯೋಚಿಸಿದಳು. “ಅವನು ಎಲ್ಲೋ ಹೊರಗೆ ಕದ್ದು ಖಾರ ತಿಂತಿದ್ದ.”

ಸೌಟಮ್ಮ ಲೆಕ್ಕ ಹಾಕಿದಳು. ಮೊಸರಿನವನೇ ಹಾಗಿದ್ದ ಮೇಲೆ ಇಷ್ಟು ವರ್ಷ ಕೆಂಪು ಬಕೆಟ್ಟಿನ ತಳ ತಿಂದವನು ಒಂದು ದಿನ ಸಿಡಿದರೆ ಹೇಗೆ ಸಿಡಿದಾನು? ಅವನೊಳಗೆ ಆ ಖಾರ ತುಂಬಿದವಳು ಬೇರೆ ತಾನೇ. ಶನಿವಾರ ಬೆಳಗಿನ ಹೊತ್ತಿಗೆ ಇಲ್ಲ ಎಂದು ಹೇಳುವುದೇ ಸರಿ ಎಂದುಕೊಂಡಳು. ಹಾಗೆಂದುಕೊಂಡು ಈರುಳ್ಳಿ ಹೆಚ್ಚುವ ನೆಪದಲ್ಲಿ ಚೆನ್ನಾಗಿ ಅತ್ತಳು.

ಊಟದ ಹೊತ್ತಿಗೆ ಕ್ರೇನಿನವನು ಒಂದೇ ಒಂದು ಬೇಡಿಕೆ ಇಟ್ಟ. ಸೌಟಮ್ಮ ಇವತ್ತು ಬಡಿಸಬಾರದು, ಜೊತೆಯಲ್ಲಿ ಕೂತು ಉಣ್ಣಬೇಕು. ಎಲ್ಲರೂ ಹೋ ಎಂದು ಅವಳನ್ನು ಎಳೆತಂದು ಅವನ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಸೌಟು ಅಕ್ಕನ ಕೈಗೆ ಹೋಯಿತು. ಅಕ್ಕ ತಂಗಿಗೆ ಬಿಳಿ ಬಕೆಟ್ಟಿನದು, ವರನಾಗಲು ಹೊರಟವನಿಗೆ ಕೆಂಪು ಬಕೆಟ್ಟಿನ ತಳದ್ದು, ಕಣ್ಣು ಕೆಕ್ಕರಿಸಿಕೊಂಡೇ ಬಡಿಸಿದಳು.

ಕೌಂಟರಿನ ಹಿಂದೆ ನಿಂತವಳಿಗೆ ಇಷ್ಟು ವರ್ಷ ಕಂಡದ್ದು ಬರೀ ತಲೆಗಳು. ಬೆಂಚಿನಲ್ಲಿ ಕೂತ ಮೇಲೆ ಕಂಡದ್ದು ಮೇಜಿನ ಕೆಳಗಿನ ಲೋಕ. ಅಲ್ಲಿ ತಟ್ಟೆಗಳು ನಡೆಯುತ್ತಿದ್ದವು. ಹಗ್ಗದವನ ಮೀನು ಅವನ ತೊಡೆಯಿಂದ ಆಚೆ ದೇಶದ ಸ್ಟೋರಿನವನ ತೊಡೆಗೆ ದಾಟಿತು. ಸ್ಟೋರಿನವನ ಸಿಹಿ ಕುಂಬಳ ಗುಡ್ಡದ ಬೆಸುಗೆಯವನ ಕಡೆ ಸರಿಯಿತು. ಬೆಸುಗೆಯವನ ಕೆಂಪು ಸಾರನ್ನು ಬಯಲಿನ ಕಾವಲುಗಾರ, ಮೊಸರು ತಿಂದು ತಣ್ಣಗಿರಬೇಕಾದವನು, ಬಾಯಲ್ಲಿ ನೀರೂರಿಸಿಕೊಂಡು ಎಳೆದುಕೊಂಡ. ಅವನ ಮೊಸರು ಹಗ್ಗದವನಿಗೆ ಹೋಯಿತು. ಮೇಲೆ ಎಲ್ಲರೂ ಗಂಭೀರವಾಗಿ ಹಡಗಿನ ವಿಷಯ ಮಾತಾಡುತ್ತಿದ್ದರು. ಒಬ್ಬನೂ ಕೆಳಗೆ ನೋಡುತ್ತಿರಲಿಲ್ಲ, ಕೈಗಳಿಗೆ ಅಷ್ಟು ಅಭ್ಯಾಸವಾಗಿತ್ತು.

“ಏಯ್! ಅದು ಅವನ ತಟ್ಟೆ!” ಎಂದು ಕಿರುಚಿದಳು ಸೌಟಮ್ಮ.

ಮೇಜಿನ ಕೆಳಗೆ ಎಲ್ಲವೂ ನಿಂತವು. ಸ್ಟೋರಿನವನ ಗಂಟಲಲ್ಲಿ ಮೀನು ಅರ್ಧಕ್ಕೇ ಸಿಕ್ಕಿಕೊಂಡಿತು.

“ಯಾವಾಗಿಂದ ನಡೀತಿದೆ ಇದು?”

“ನಾನು ಕೆಲಸಕ್ಕೆ ಸೇರೋ ಮುಂಚಿನಿಂದಾನೂ ಇದೆಯಂತೆ, ಸೌಟಮ್ಮ,” ಎಂದ ಅವನು, ಕೆಮ್ಮುತ್ತ. “ಹೊಸಬರು ಬಂದ್ರೆ ಮೊದಲನೇ ದಿನಾನೇ ಕಲಿಸಿಕೊಡ್ತೀವಿ.”

“ನನಗೆ ಸಿಹಿ ಅಂದ್ರೆ ಪ್ರಾಣ,” ಎಂದ ಬೆಸುಗೆಯವನು, ಮೀಸೆ ಮುಟ್ಟಿಕೊಂಡು. “ಗುಡ್ಡದ ಮಾನ ಹೋಗುತ್ತೆ ಅಂತ ಹೇಳಲಿಲ್ಲ.”

ಸೌಟಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಏನೋ ಬೈಯಬೇಕೆಂದು ಬಾಯಿ ತೆರೆದಳು, ಬಂದದ್ದು ನಗು. ಇಡೀ ಪ್ರಪಂಚದ ನಾಲಿಗೆ ತನ್ನ ಮುಷ್ಟಿಯಲ್ಲಿದೆ ಎಂದುಕೊಂಡವಳ ಕಾಲ ಬುಡದಲ್ಲೇ ದಿನಾ ಸಂತೆ ನಡೆದಿತ್ತಲ್ಲ! ಮೇಜು ಹಿಡಿದುಕೊಂಡು, ಪಕ್ಕೆ ಒತ್ತಿಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಅವಳು ನಕ್ಕದ್ದು ನೋಡಿ ಧೈರ್ಯ ಬಂದವರು ತಟ್ಟೆಗಳನ್ನು ಮೇಜಿನ ಮೇಲೇ ಇಟ್ಟು ಬದಲಾಯಿಸತೊಡಗಿದರು. ಅಕ್ಕ ಮಾತ್ರ ಸೌಟು ಎತ್ತಿ ಹಿಡಿದು, “ಗುಡ್ಡದೋನಾಗಿ ಸಿಹಿ ತಿಂತಾನಂತೆ! ಇವನು ಹುಟ್ಟಿದಾಗ ಮಗು ಅದಲುಬದಲಾಗಿರ್ಬೇಕು!” ಎಂದು ಕೂಗುತ್ತಿದ್ದಳು.

ನಗುತ್ತಲೇ ಸೌಟಮ್ಮ ಪಕ್ಕಕ್ಕೆ ತಿರುಗಿದಳು. ಕ್ರೇನಿನವನ ತಟ್ಟೆ ಎಲ್ಲಿಗೂ ಹೋಗಿರಲಿಲ್ಲ. ಅವನು ತಲೆ ತಗ್ಗಿಸಿ ಕೆಂಪು ಸಾರನ್ನೇ ತಿನ್ನುತ್ತಿದ್ದ. ಕಣ್ಣಲ್ಲಿ ಧಾರೆ, ಕಿವಿ ಕೆಂಡ, ತುಟಿ ಊದಿತ್ತು.

“ನಿಮಗೆ ಖಾರ ಇಷ್ಟಾನಾ?”

ಅವನು ತಲೆ ಅಲ್ಲಾಡಿಸಿದ. ಇಲ್ಲ.

“ಮತ್ತೆ ನೀವ್ಯಾಕೆ ಬದಲಾಯಿಸ್ಕೊಳ್ಳಲ್ಲ?”

ಅವನ ಬಾಯಿಂದ ಉಸ್ ಎಂಬ ಸದ್ದಷ್ಟೇ ಹೊರಟಿತು. ಉತ್ತರ ಕೊಟ್ಟವನು ಹಗ್ಗದವನು. “ಯಾವತ್ತೂ ಬದಲಾಯಿಸ್ಕೊಂಡೋರಲ್ಲ ಸೌಟಮ್ಮ. ನಾವೆಷ್ಟು ಹೇಳಿದ್ವಿ. ‘ಅವರು ನನಗೆ ಅಂತಾನೇ ಎತ್ತಿಟ್ಟಿರ್ತಾರೆ, ಬೇರೆಯೋರಿಗೆ ಹೇಗೆ ಕೊಡೋದು’ ಅಂತಾರೆ.”

ಸೌಟಮ್ಮನ ನಗು ನಿಂತಿತು. ವರ್ಷಗಟ್ಟಲೆ ಈ ಮನುಷ್ಯನ ಬಾಯಿಗೆ ತಾನೇ ಕೈಯಾರೆ ಬೆಂಕಿ ಇಟ್ಟಿದ್ದಳು. ತಟ್ಟೆ ಎಸೆಯಬೇಕಾದವನು ಯಾರಾದರೂ ಇದ್ದರೆ ಇವನು. ಇವನೋ ಅದನ್ನು ತೊಳೆದಿಟ್ಟು ಚೆನ್ನಾಗಿತ್ತು ಎಂದು ಹೇಳಿ ಹೋಗಿದ್ದ. ಮೂಗಿನ ತುದಿಯಲ್ಲಿ ಕೋಪವಂತೆ! ಆ ಮೂಗಿನ ತುದಿಯಲ್ಲಿ ಈಗ ಒಂದು ಹನಿ ನೀರು ತೂಗುತ್ತಿತ್ತು. ಅವಳಿಗೆ ಅಯ್ಯೋ ಅನ್ನಿಸಿತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಕುಣಿಯಬೇಕೆನ್ನಿಸಿತು.

“ನಿಮಗೇನು ಬೇಕು, ಹೇಳಿ,” ಎಂದಳು. ಈ ಮಾತನ್ನು ಅವಳು ಕ್ಯಾಂಟೀನಿನಲ್ಲಿ ಒಬ್ಬರನ್ನೂ ಕೇಳಿದವಳಲ್ಲ.

ಮಾತು ಹೊರಡದ ಕ್ರೇನಿನವನು ಬೆರಳೆತ್ತಿ ಅವಳ ಕಡೆ ತೋರಿಸಿದ. ಅವಳ ಹಿಂದೆ ಕೌಂಟರಿನ ಬಳಿ ನಿಂತಿದ್ದ ಅಕ್ಕ, ಅವನು ಕೇಳಿದ್ದು ತಂಗಿಯ ತಟ್ಟೆಯ ಮೊಸರು ಎಂದುಕೊಂಡು ಬಿಳಿ ಬಕೆಟ್ಟು ಎತ್ತಿಕೊಂಡು ಓಡಿಬಂದಳು. ಅವನು ಬಕೆಟ್ಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮತ್ತೆ ಸೌಟಮ್ಮನ ಕಡೆಗೇ ಬೆರಳು ಮಾಡಿದ. ಬೆಂಚುಗಳೆಲ್ಲ ಒಟ್ಟಿಗೆ ಹೋ ಎಂದವು. ಬೆಸುಗೆಯವನು ಲೋಟದಿಂದ ಮೇಜು ಕುಟ್ಟಿದ.

“ಬರ್ತೀನಿ,” ಎಂದಳು ಸೌಟಮ್ಮ. ಸದ್ದಿನಲ್ಲಿ ಅದು ಕೇಳಿಸಲಿಲ್ಲವೇನೋ ಎಂದು ಅಂಗಳದ ಆಚೆ ಬದಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು. “ಬರ್ತೀನಿ ಅಂದೆ! ಇಷ್ಟು ವರ್ಷ ನಾನು ನಾಲಿಗೆ ಸುಟ್ರೂ ಒಂದು ಮಾತೂ ಆಡದೇ ಇರೋರ ಹತ್ರ ನನಗಿನ್ನೇನು ಭಯ? ಈಗ ಬಾಯಿ ತೆಗೀರಿ.”

ಅಕ್ಕನ ಕೈಯಿಂದ ಬಕೆಟ್ಟು ಕಸಿದುಕೊಂಡು, ಎಲ್ಲರೆದುರಿಗೇ, ಮೊಸರಿನ ಮೊದಲ ತುತ್ತನ್ನು ತಾನೇ ಅವನ ಬಾಯಿಗಿಟ್ಟಳು.