ಆ ರೊಟ್ಟಿ ನನ್ನದಲ್ಲ

ಈಗಿನ ಹಂಚಿನ ಹಿಡಿ ಮುರಿಯಿತೆಂದು ಮೊನ್ನೆ ಅಟ್ಟದಿಂದ ಹಳೆಯ ಕಬ್ಬಿಣದ ಹಂಚು ಇಳಿಸಿ ಒಲೆಯ ಮೇಲಿಟ್ಟೆ. ಕಾದ ಕೂಡಲೇ ಎರೆಮಣ್ಣಿನ ವಾಸನೆ ಬಂತು. ಎಷ್ಟು ತಿಕ್ಕಿದರೂ ಹೋಗದ ವಾಸನೆ... ಸೊಸೆ, "ಎಲ್ಲೋ ಮಳಿ ಬಂದಂಗ ಆಗ್ಯಾದ ನೋಡ್ರಿ ಅತ್ತಿ" ಅಂದಳು. ಮಳೆಯಲ್ಲ, ಅದು ಮಣ್ಣಿನ ಹುಡುಗಿಯ ಕೆಲಸ.

ಸುರಪುರದ ಕಡೆಗೆ ಕಾಲುವೆ ನೀರು ಹೊಸದಾಗಿ ಬಂದ ದಿನಗಳು. ನೀರು ಬಂತು ಅನ್ನುವಷ್ಟರಲ್ಲಿ ಕಾಲುವೆಯ ಸಿಮೆಂಟು ಬಿರುಕು ಬಿಟ್ಟಿತ್ತು. ಅದು ಯಾಕೆ ಬಿರಿಯುತ್ತದೆಂದು ಕಂಡುಹಿಡಿದು ಡಾಕ್ಟರ್ ಆಗಲು ಮೈಸೂರು ಕಡೆಯ ಹುಡುಗಿಯೊಬ್ಬಳು ಬಂದು ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಸೇರಿದಳು. ಅವಳು ಸೂಜಿ ಚುಚ್ಚುವ ಡಾಕ್ಟರಲ್ಲ ಎಂದು ತಿಳಿಯುವ ಹೊತ್ತಿಗೆ ಓಣಿಯ ಮೂವರು ಬಂದು ಮೊಣಕಾಲು ತೋರಿಸಿ ಹೋಗಿದ್ದರು.

ಅಡಿಯ ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಬಿರಿದರೆ ಮೇಲಿನ ಸಿಮೆಂಟೂ ಬಿರಿಯುತ್ತದಂತೆ. ದೇವಾಪುರದ ಹೊಲಗಳಿಂದ ಚೀಲಗಟ್ಟಲೆ ಮಣ್ಣು ತರುತ್ತಿದ್ದಳು. ಮಣ್ಣಿನಲ್ಲಿ ನೀರೆಷ್ಟಿದೆ ಎಂದು ತಿಳಿಯಲು ಅದನ್ನು ತೂಗಿ, ಹುರಿದು, ಮತ್ತೆ ತೂಗಬೇಕಂತೆ. ಒಂದು ದಿನ ಸಂತೆಯಿಂದ ಬಂದು ನೋಡಿದರೆ ನನ್ನ ಹಂಚಿನ ಮೇಲೆಯೇ ಹುರಿಯುತ್ತಿದ್ದಾಳೆ.

"ರೊಟ್ಟಿ ಸುಡೋ ಹಂಚಿನ ಮ್ಯಾಲ ಮಣ್ಣು ಹುರೀತಿ? ತಲಿ ಗಿಲಿ ಕೆಟ್ಟಾದೇನ್ ನಿಂದು?"

"ಐದೇ ನಿಮಿಷ ಅಕ್ಕ, ಆಗೋಯ್ತು."

ಹಂಚು ಅಷ್ಟೊತ್ತಿಗೆ ಕೆಟ್ಟೇ ಹೋಗಿತ್ತು.

ಅವಳಿಗೆ ರೊಟ್ಟಿ ಕಲಿಯುವ ಹುಚ್ಚು ಬೇರೆ. ತಣ್ಣೀರಿನಲ್ಲಿ ಜೋಳದ ಹಿಟ್ಟು ನಾದಿ ಬಡಿದಳು. ಅಂಚೆಲ್ಲ ಸೀಳಿ ಬೇಸಿಗೆಯ ಎರೆಹೊಲದಂತಾಯಿತು. ಅದನ್ನು ಎಮ್ಮೆಗೆ ಹಾಕುವುದು ಬಿಟ್ಟು ಕ್ಯಾಮೆರಾ ತಂದು ಫೋಟೊ ಹೊಡೆದುಕೊಂಡಳು. ಓದಿದವರ ಚಾಳಿ ಎಂದುಕೊಂಡೆ.

ಅವಳಿಗೊಂದು ರೋಗವಿತ್ತು. ನಾಲ್ಕು ಜನರ ಎದುರು ನಿಂತರೆ ಬಾಯಿ ಕಟ್ಟುತ್ತಿತ್ತು. ಹೈದರಾಬಾದಿನಲ್ಲಿ ದೇಶದೇಶದ ಇಂಜಿನಿಯರುಗಳು ಸೇರುವ ಸಭೆ. ಅಲ್ಲಿ ಅವಳು ಮೊದಲ ಸಲ ತನ್ನ ಕೆಲಸ ಹೇಳಬೇಕು. ಕಾಲೇಜಿನಲ್ಲಿ ಒಮ್ಮೆ ಹೇಳಿಸಿ ನೋಡಿದಾಗ ಮೂಕಿಯಾಗಿ ನಿಂತಳಂತೆ. ಇನ್ನೊಮ್ಮೆ ಹೀಗಾದರೆ ಈ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದು ಅವಳ ಗುರು ಹೇಳಿದ್ದ. ಎರಡು ವರ್ಷ ಹುರಿದ ಮಣ್ಣು... ಹುಡುಗಿ ಊಟ ಬಿಟ್ಟಳು.

"ನೀವೂ ಬನ್ನಿ ಅಕ್ಕ. ನಿಮ್ಮ ಮುಖ ನೋಡ್ಕೊಂಡು ಹೇಳ್ತೀನಿ."

ನಾನು ಚಾರ್‌ಮಿನಾರ್ ನೋಡಿರಲಿಲ್ಲ. ಹೊರಟೆ. ಯಾದಗಿರಿಯಲ್ಲಿ ರೈಲು ಹತ್ತಿದೆವು.

ಸಭೆಯ ಕೋಣೆ ಮಂಜಿನಂತೆ ತಣ್ಣಗಿತ್ತು. ಎಲ್ಲರ ಕೊರಳಲ್ಲೂ ಹೆಸರಿನ ಚೀಟಿ. ಜಾತ್ರೆಗೆ ಹೊರಟ ಎತ್ತುಗಳಿಗೂ ಅಷ್ಟು ನೆಟ್ಟಗೆ ಕಟ್ಟುವುದಿಲ್ಲ. ನಾನು ಸೆರಗು ಹೊದ್ದು ಹಿಂದೆ ಕುಳಿತೆ. ಹುಡುಗಿ ಎದ್ದು ನಿಂತು ಎರಡು ಮಾತಾಡಿದಳು. ಅಷ್ಟೇ. ಬಾಯಿ ಕಟ್ಟಿತು. ಕೈ ಮಾತ್ರ ಗುಂಡಿ ಒತ್ತುತ್ತಿತ್ತು. ಪರದೆಯ ಮೇಲೆ ಕಾಲುವೆ ಬಂತು, ಬಿರುಕು ಬಂತು, ಆಮೇಲೆ ಗೋಡೆಯಗಲ ಆ ದರಿದ್ರ ರೊಟ್ಟಿ ಬಂತು! ಕೆಳಗೇನು ಬರೆದಿದೆ ಎಂದು ಪಕ್ಕದವನನ್ನು ಕೇಳಿದೆ.

"'ಸುರಪುರದ ರೊಟ್ಟಿ' ಅಂತ ಬರದಾರ್ರಿ" ಅಂದ.

ನನಗೆ ಕೂರಲಾಗಲಿಲ್ಲ.

"ಏ ಹುಚ್ಚಿ! ಆ ರೊಟ್ಟಿ ನಂದಲ್ಲ! ತಣ್ಣೀರಾಗ ನಾದಿ ನೀನ ಕೆಡಿಸಿದ್ದು! ಹೇಳು ಎಲ್ಲಾರ್ಗೂ! ಇಷ್ಟ್ ಮಂದಿ ಮುಂದ ಸುರಪುರದ ಹೆಣ್ಮಕ್ಕಳ ಮರ್ಯಾದಿ ತಗೀತಿ?"

ಸಭೆಯೆಲ್ಲ ನನ್ನ ಕಡೆ ತಿರುಗಿತು. ಹುಡುಗಿ ನನ್ನನ್ನು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ತಡೆಯಲಾರದೆ ನಕ್ಕುಬಿಟ್ಟಳು. ಆಮೇಲೆ ತಪ್ಪು ತನ್ನದೇ ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡಳಂತೆ. ಸಭೆಯೂ ನಕ್ಕಿತು. ಆ ನಗುವಿನ ಬೆನ್ನಿಗೇ ಬಾಯಿ ಬಿಚ್ಚಿತು ನೋಡಿ, ಎರಡು ಸಲ ಗಂಟೆ ಬಾರಿಸಿದರೂ ಮುಚ್ಚಲಿಲ್ಲ.

ಕಡೆಗೆ ಹೊರದೇಶದ ಬಿಳಿಗೂದಲಿನ ಮುದುಕನೊಬ್ಬ ಏನೋ ಕೇಳಿದ.

"ಅಕ್ಕ, ನಿಮ್ಮ ರೊಟ್ಟಿ ಯಾಕೆ ಬಿರಿಯಲ್ಲ ಅಂತ ಕೇಳ್ತಿದ್ದಾರೆ."

"ಕುದಿಯೋ ನೀರು ಹಾಕಿ, ಕೈ ಸುಟ್ರೂ ಬಿಡದಂಗ ನಾದಬೇಕು. ಹಂಗಂತ ಕಾಲುವಿಗೆ ಕುದಿಯೋ ನೀರು ಬಿಟ್ಟೀರಿ ಮತ್ತ ಅಂತ ಹೇಳು!"

ಚಪ್ಪಾಳೆ ಬಿತ್ತು. ಅದು ನನ್ನ ರೊಟ್ಟಿಗೆ ಬಿದ್ದದ್ದು ಎಂದೇ ಇವತ್ತಿಗೂ ನನ್ನ ನಂಬಿಕೆ. ಅವಳ ಗುರು ಬಂದು ಅವಳ ಬೆನ್ನು ತಟ್ಟಿದ, ನನಗೆ ಚಹಾ ಕುಡಿಸಿದ. ಸಕ್ಕರೆ ಕಡಿಮೆ ಇತ್ತು. ಚಾರ್‌ಮಿನಾರ್ ನೋಡಲು ಹೊತ್ತು ಸಿಗಲಿಲ್ಲ.

ಅವಳು ಡಾಕ್ಟರ್ ಆದಳು. ನನಗೊಂದು ಹೊಸ ಹಂಚು ಕೊಡಿಸಿ ಊರಿಗೆ ಹೋದಳು. ಪ್ರತಿ ಯುಗಾದಿಗೆ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದಳು: "ರೊಟ್ಟಿ ಬಿರೀತಾ ಅಕ್ಕ?"

"ನಿನ್ನ ಹಲ್ಲು ಉದುರಿದ್ರೂ ನಂದು ಬಿರಿಯಂಗಿಲ್ಲ, ಫೋನ್ ಇಡು" ಅನ್ನುತ್ತಿದ್ದೆ.

ಹೋದ ಯುಗಾದಿಗೆ ಅವಳ ತಂಗಿ ಫೋನು ಮಾಡಿದಳು. ಹೋಗುವ ವಯಸ್ಸಾಗಿರಲಿಲ್ಲ ಅವಳಿಗೆ... "ಹೂಂ" ಅಂದು ಇಟ್ಟೆ.

ಮೊನ್ನೆ ಆ ಹಳೆಯ ಹಂಚಿನ ಮೇಲೆ ರೊಟ್ಟಿ ಬಡಿದು ಹಾಕಿದೆ. ಈಗ ನನ್ನ ಬೆರಳು ಕುದಿಯುವ ನೀರು ತಾಳುವುದಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ನಾದಿದ್ದೆ. ಸುತ್ತಲೂ ಸೀಳಿತು.

ಈ ರೊಟ್ಟಿ ನನ್ನದೇ. ಫೋನು ಮಾಡಿ ಒಪ್ಪಿಕೊಳ್ಳೋಣವೆಂದರೆ ಅವಳಿಲ್ಲ. ಎಮ್ಮೆಗೆ ಹಾಕಲು ಮನಸ್ಸಾಗಲಿಲ್ಲ. ನಾನೇ ತಿಂದೆ.